ತಂಬೂರಿ ಮುಚ್ಚಿದ ಹೆಸರು

ಒಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗೋಪಾಲಕೃಷ್ಣ ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ಈ ಕಥೆ ಎರಡು ಸಾಲಿಗೆ ಮುಗಿಯುತ್ತಿತ್ತು, ನಮಗೂ ನಿಮಗೂ ಬೇರೆ ಕೆಲಸ ನೋಡಿಕೊಳ್ಳಲು ಪುರಸೊತ್ತು ಸಿಗುತ್ತಿತ್ತು. ರಾಯಚೂರಿನ ಒಂದು ಓಣಿಯ ಗ್ರಂಥಾಲಯಕ್ಕೆ ಅವನು ಅಧಿಕಾರಿ. ಯಾವ ಓಣಿ ಎಂದು ಕೇಳಬೇಡಿ. ಹೆಸರು ಹೇಳಿದರೆ ಏನೇನಾಗುತ್ತದೆ ಎನ್ನುವುದೇ ಈ ಕಥೆ.

ಸಮಾನತೆ ಎಂದರೆ ಗೋಪಾಲಕೃಷ್ಣನಿಗೆ ಪ್ರಾಣ. ಯಾವ ಮಹನೀಯರ ಜಯಂತಿ ಬಂದರೂ ಅವನ ಭಾಷಣ ಇರಲೇಬೇಕು, ಭಾಷಣ ಇದ್ದರೆ ಅದರಲ್ಲಿ ಅವನ ಅಜ್ಜ ಇರಲೇಬೇಕು. ಮಾನ್ವಿಯಲ್ಲಿ ಅವರ ಮನೆಗೆ ಸಿಹಿಬಾವಿ ಮನೆ ಎಂದೇ ಹೆಸರು. ಸುತ್ತಲಿನ ನೀರೆಲ್ಲ ಸವಳು, ಅವರ ಹಿತ್ತಲ ಬಾವಿಯದು ಮಾತ್ರ ಸಕ್ಕರೆ. ಒಂದು ಬಿರುಬೇಸಿಗೆಯಲ್ಲಿ ಅಜ್ಜ ಶ್ಯಾಮಾಚಾರ್ರು ಆಳು ಹಚ್ಚಿ, ಬೆಳಗಿನಿಂದ ಸಂಜೆಯವರೆಗೆ ಬಾವಿಯ ನೀರನ್ನೆಲ್ಲ ಸೇದಿಸಿ ಓಣಿಗೆ ಬಿಟ್ಟರಂತೆ. ಜಾತಿ ಕೇಳಲಿಲ್ಲ, ಮತ ಕೇಳಲಿಲ್ಲ. ಕೇರಿಯವರೆಲ್ಲ ಬಂದು ಕೊಡ ತುಂಬಿಕೊಂಡು ಹೋದರಂತೆ. ಇಷ್ಟು ಹೇಳುವಾಗ ಗೋಪಾಲಕೃಷ್ಣ ಕರವಸ್ತ್ರ ಹೊರಗೆ ತೆಗೆಯುತ್ತಿದ್ದ, ಜನ ಚಪ್ಪಾಳೆ ತಟ್ಟುತ್ತಿದ್ದರು. ಬಿರುಬೇಸಿಗೆಯಲ್ಲಿ ಇದ್ದೊಂದು ಬಾವಿಯನ್ನು ಬರಿದು ಮಾಡುವುದು ಅದ್ಯಾವ ಸೀಮೆಯ ದಾನವಪ್ಪಾ ಎಂದು ಯಾರೂ ಕೇಳಿರಲಿಲ್ಲ. ಅವನೂ ಕೇಳಿಕೊಂಡಿರಲಿಲ್ಲ. ಹಿರಿಯರಿಂದ ಬಂದ ಬೆಳ್ಳಿ ತಟ್ಟೆಯನ್ನು ಕೆಳಗೆ ಬೋರಲು ಹಾಕಿ ಯಾರು ನೋಡುತ್ತಾರೆ ಹೇಳಿ.

ಹೀಗಿರುವಾಗ ಮೇಲಿನಿಂದ ಆದೇಶ ಬಂತು. ಗ್ರಂಥಾಲಯಗಳಲ್ಲಿ ವೈವಿಧ್ಯ ಮತ್ತು ಸಾಮಾಜಿಕ ನ್ಯಾಯದ ಡಿಜಿಟಲ್ ಪ್ರದರ್ಶನ ಆಗಬೇಕು. ಸ್ಥಳೀಯರ ಮುಖ, ಸ್ಥಳೀಯರ ದನಿ. ಆಳೆತ್ತರದ ಒಂದು ಪರದೆ ಬರುತ್ತದೆ. ಬೆರಳಿನಿಂದ ಒಬ್ಬರ ಭಾವಚಿತ್ರ ಒತ್ತಿದರೆ ಅವರ ದನಿ ಕೇಳುತ್ತದೆ. ರಾಯಚೂರಿನಲ್ಲಿ ದೊಡ್ಡ ಪರದೆ, ಮಾನ್ವಿ ಮತ್ತು ದೇವದುರ್ಗದ ಗ್ರಂಥಾಲಯಗಳಲ್ಲಿ ಚಿಕ್ಕವು. ಗೋಪಾಲಕೃಷ್ಣನಿಗೆ ಸ್ವರ್ಗ ಮೂರೇ ಗೇಣು. ಮೊದಲ ದನಿ ತನ್ನದೇ ಇರಲಿ ಎಂದು ಅಜ್ಜನ ಬಾವಿಯ ಕಥೆಯನ್ನು ತಾನೇ ಮೈಕಿನ ಮುಂದೆ ಕೂತು ಹೇಳಿದ. ಪರದೆಯ ಕಂಪ್ಯೂಟರ್ ಕೆಲಸ ಹಿಡಿದಿದ್ದ ವಲಿ ಪಾಷಾ ಅದನ್ನು ತುಂಬಿಸಿದ. "ಮಸ್ತ್ ಬಂದದ್ರಿ ಸರ್, ರೇಡಿಯೋದಾಗ ಮಾತಾಡಿದಂಗ ಅದ" ಎಂದ. ಗೋಪಾಲಕೃಷ್ಣ ಅದನ್ನು ಮತ್ತೊಮ್ಮೆ ಕೇಳಿದ, ಆಮೇಲೆ ಇನ್ನೊಮ್ಮೆಯೂ ಕೇಳಿದ.

ಉಳಿದ ದನಿಗಳನ್ನು ತರುವ ಕೆಲಸ ದೇವದುರ್ಗದ ಗ್ರಂಥಾಲಯ ನೋಡಿಕೊಳ್ಳುವ ಅನ್ನಪೂರ್ಣಳ ಪಾಲಿಗೆ ಬಂತು. ಒಕ್ಕಲು ಮನೆಯ ಹೆಣ್ಣುಮಗಳು, ಮಾತು ಕಡಿಮೆ, ಹಿಡಿದದ್ದು ಬಿಡುವವಳಲ್ಲ. ಮೊಬೈಲು ಹಿಡಿದು ಊರೂರು ತಿರುಗಿದಳು. ಗಬ್ಬೂರಿನಲ್ಲಿ ಬಸ್ಸಮ್ಮ ಎಂಬ ಮುದುಕಿ ಸಿಕ್ಕಳು. ಆಕೆ ಹೇಳಿದ್ದರ ಸಾರವನ್ನು ಅನ್ನಪೂರ್ಣ ನಾಲ್ಕು ಸಾಲು ಬರೆದು ಮೇಲಿನವರಿಗೆ ಕಳಿಸಿದ್ದೇ ತಡ, ಅಲ್ಲಿಂದ ಮೆಚ್ಚುಗೆಯ ಸುರಿಮಳೆ. ಪ್ರದರ್ಶನದ ಜೀವಾಳವೇ ಇದು, ಆಮಂತ್ರಣದ ಮೇಲೆ ಈಕೆಯ ಭಾವಚಿತ್ರವೇ ಇರಲಿ ಎಂದು ಹಿರಿಯ ಸಾಹೇಬರು ಫರ್ಮಾನು ಹೊರಡಿಸಿದರು. ಆಮಂತ್ರಣ ಅಚ್ಚಾಗಿ ಹಂಚಿಯೂ ಆಯಿತು. ಆಮೇಲೆ ಗೋಪಾಲಕೃಷ್ಣನ ಮೊಬೈಲಿಗೆ ಪೂರ್ತಿ ಧ್ವನಿಮುದ್ರಣ ಬಂತು. ಅವನು ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಮರುಗಲು ತಯಾರಾಗಿ ಕೇಳತೊಡಗಿದ.

"ನನ್ ಹೆಸರು ಬಸ್ಸಮ್ಮರೀ. ತವರೂರಾಗ ಸಣ್ಣಾಕಿ ಇದ್ದಾಗ ಅವ್ವನ ಕೂಡ ಒಂದು ದೊಡ್ಡ ಮನಿಗಿ ಶೇಂಗಾ ಹಸನ ಮಾಡಾಕ ಹೋಗ್ತಿದ್ದೆ. ದುಡಿತ ನಮ್ಮದು, ನೀರು ಅವರದು. ಬೊಗಸಿ ಒಡ್ಡಿ ನಿಂತ್ರ ಮ್ಯಾಲಿಂದ ಹಾಕ್ತಿದ್ರು. ಆವತ್ತ ನೀರು ಹಾಕಾವ್ರು ಮಡಿಯಾಗ ಇದ್ರು. ನಿಂದರ್ರಿ ಅಂದ್ರು, ನಿಂತಿವಿ. ಬಿಸಿಲು ನೆತ್ತಿಗಿ ಬಂತು. ನನಗ ತಡೀಲಿಲ್ಲ ನೋಡ್ರಿ, ಹೋಗಿ ಹಗ್ಗ ಹಿಡದು ಸೇದೇ ಬಿಟ್ಟೆ. ಕೊಡ ಮ್ಯಾಲ ಬಂದಿತ್ತು, ಇನ್ನಾ ಬಾಯಿಗಿ ಹಚ್ಚಿದ್ದಿಲ್ಲ, ಒದರಿದ್ರು!" ಇಲ್ಲಿ ಮುದುಕಿ ನಕ್ಕಿದ್ದಳು. "ಬಾವಿ ಮೈಲಿಗಿ ಆತಂತ ಆಳು ಹಚ್ಚಿ ನೀರೆಲ್ಲಾ ಸೇದಿ ಮೋರಿಗಿ ಬಿಟ್ರು. ನಾ ಮುಟ್ಟಿದ ಹಗ್ಗ ನಮ್ಮವ್ವನ ಕೊಳ್ಳಾಗ ಹಾಕಿ, ಬಾವಿ ಬರಿದಾಗೋತನಕ ಹಿತ್ತಲದಾಗ ನಿಂದ್ರಿಸಿದ್ರು. ಸುದ್ದಿ ಕೇಳಿ ಕೇರಿ ಮಂದಿ ಎಲ್ಲಾ ಕೊಡ ತಂದು ಮೋರ್ಯಾಗಿನ ನೀರು ತುಂಬ್ಕೊಂಡ್ರು. ಹಂತಾ ಸಿಹಿ ನೀರು ನಮ್ಮ ಮಂದಿ ಹುಟ್ಟಿದಾಗಿಂದ ಕುಡದಿದ್ದಿಲ್ಲ. ಅವ್ವ ಹಗ್ಗ ಹಾಕ್ಕೊಂಡು ನೋಡ್ಕೋತ ನಿಂತಿದ್ಲು. ಆಕಿಗಿ ಮಾತ್ರ ಯಾರೂ ಹನಿ ನೀರು ಕೊಡಲಿಲ್ಲ. ಕೊಟ್ರ ಎಲ್ಲಿ ಬಡೀತಾರೋ ಅಂತ ಅಂಜಿಕಿ."

ಗೋಪಾಲಕೃಷ್ಣನ ಕಣ್ಣಲ್ಲಿ ನೀರು ಬಂತು. ಎಂಥ ಪಾಪಿಗಳಪ್ಪಾ ಎಂದುಕೊಂಡ.

"ಅವ್ವ ಸಾಯೋತನಕ ಆ ಮನಿ ಹೆಸರು ಬಾಯಾಗ ತರಲಿಲ್ಲ. ಹೆಸರು ತಗದ್ರ ಬಾಯಿ ಒಣಗತದ ಅಂತಿದ್ಲು. ನಾ ಹೇಳ್ತೀನಿ. ಹೇಳಬೇಕಂತಾನೇ ಇಷ್ಟು ದಿನ ಜೀವ ಹಿಡದೀನಿ. ಅದು ಮಾನ್ವಿ ಸಿಹಿಬಾವಿ ಶ್ಯಾಮಾಚಾರ್ರ ಮನಿ."

ಕಣ್ಣಲ್ಲಿ ಬಂದ ನೀರು ಅಲ್ಲೇ ಇಂಗಿತು. ಬಾಗಿಲ ಕಡೆ ನೋಡಿ, ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಮೊಬೈಲನ್ನು ಬೋರಲು ಹಾಕಿದ. ಸ್ವಲ್ಪ ಹೊತ್ತಿಗೆ ಮೊದಲು ಪಾಪಿಗಳು ಎಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೋ ಬಿಡಬೇಕೋ ಅವನಿಗೆ ತಿಳಿಯಲಿಲ್ಲ.

ಆವತ್ತು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವನು ತಾಯಿಯ ಹತ್ತಿರ ಕೂತ. ಕಾವೇರಿಬಾಯಿ ಆ ಮನೆಗೆ ಹೊಸದಾಗಿ ಸೊಸೆಯಾಗಿ ಬಂದ ವರ್ಷವೇ ಆ ಬಾವಿ ಸೇದಿಸಿದ್ದು. ಕಿವಿ ಮಂದವಾಗಿದೆ, ನೆನಪು ಮಂದವಾಗಿಲ್ಲ.

"ಅವ್ವಾ, ಅಜ್ಜ ಬಾವಿ ನೀರೆಲ್ಲಾ ಸೇದಿಸಿದ್ರಲ್ಲ, ಯಾಕ ಸೇದಿಸಿದ್ರು?"

"ಯಾಕಂದ್ರ? ಮೈಲಿಗಿ ಆಗಿತ್ತಪಾ. ಯಾವದೋ ಹುಡುಗಿ ಹಗ್ಗ ಮುಟ್ಟಿತ್ತು. ನಾನೇ ಆವತ್ತ ಮಡೀಲೆ ಇದ್ದೆ, ನಿಂದರು ಅಂದ್ರ ನಿಂದರಲಿಲ್ಲ ನೋಡು."

"ಮತ್ತ ನೀವೆಲ್ಲಾ ದಾನ ಮಾಡಿದ್ರು ಅಂತಿದ್ರಿ?"

"ದಾನ ಅಲ್ಲೇನು? ಮೋರಿ ನೀರು ತುಂಬ್ಕೋಬ್ಯಾಡ್ರಿ ಅಂತ ಮಾವನವರು ಅನ್ನಬಹುದಿತ್ತೋ ಇಲ್ಲೋ? ಅನ್ನಲಿಲ್ಲ. ಭಾಳ ದೊಡ್ಡ ಮನಸು ಅವರದು. ಇನ್ನೊಂದೀಟು ಸಾರು ಹಾಕಲೇನೋ ಗೋಪಾ?"

ಗೋಪಾಲಕೃಷ್ಣ ಸಾರು ಬೇಡವೆಂದ. ತಟ್ಟೆಯಲ್ಲಿದ್ದ ಅನ್ನವೂ ಹಾಗೆಯೇ ಉಳಿಯಿತು.

ಆ ಮುದ್ರಣವನ್ನು ತೆಗೆದೇ ಹಾಕುವಂತಿರಲಿಲ್ಲ. ಮುದುಕಿಯ ಮುಖ ಆಮಂತ್ರಣದ ಮೇಲೆ ಕೂತಿತ್ತು. ತನ್ನ ಅಜ್ಜನ ಕಥೆಯನ್ನಾದರೂ ತೆಗೆಯಬಹುದಿತ್ತು. ಆದರೆ ಅದೂ ಅದೇ ಆಮಂತ್ರಣದಲ್ಲಿತ್ತು. ಅಲ್ಲದೆ, ನಿಜ ಹೇಳಬೇಕೆಂದರೆ, ಅದು ತುಂಬಾ ಚೆನ್ನಾಗಿ ಬಂದಿತ್ತು. ಉಳಿದದ್ದು ಒಂದೇ ಹಾದಿ. ಮರುದಿನ ವಲಿ ಪಾಷಾನನ್ನು ಕರೆದು, ಕೊನೆಯ ಸಾಲಿನ ಹೆಸರಿನ ಮೇಲೆ ಏನಾದರೂ ಸಪ್ಪಳ ಹಾಕಬೇಕು ಎಂದ.

"ಪೀಂ ಅಂತ ಹಾಕಲೇನ್ರಿ? ಟೀವಿಯಾಗ ಬೈಗುಳ ಬಂದ್ರ ಹಾಕ್ತಾರಲ್ರಿ, ಅದು."

ಅಜ್ಜನ ಹೆಸರಿಗೆ ಬೈಗುಳದ ಸಪ್ಪಳವೇ? ಗೋಪಾಲಕೃಷ್ಣನ ಮನಸ್ಸು ಒಪ್ಪಲಿಲ್ಲ. ಯೋಚಿಸಿ, ಯೋಚಿಸಿ, ಕೊನೆಗೆ ತಂಬೂರಿಯ ನಾದ ಹಾಕು ಎಂದ. ಗೌರವವಾಗಿ ಇರುತ್ತದೆ. ವಲಿ ಪಾಷಾ ಅವನ ಮುಖವನ್ನೊಮ್ಮೆ ನೋಡಿ, ಮಾನ್ವಿಯಿಂದ ಹಿಡಿದು ಶ್ಯಾಮಾಚಾರ್ರವರೆಗೆ ತಂಬೂರಿ ಮೀಟಿಸಿಬಿಟ್ಟ. ಈಗ ಮುದುಕಿ "ಅದು" ಎನ್ನುತ್ತಾಳೆ, ಝಂಯ್ ಎಂದು ತಂಬೂರಿ ಮೊಳಗುತ್ತದೆ, "ಮನಿ" ಎಂದು ಮುಗಿಯುತ್ತದೆ. ಭಜನೆಯ ನಡುವೆ ದೇವರು ಬಂದು ಹೋದಂತೆ ಕೇಳುತ್ತಿತ್ತು.

ಅನ್ನಪೂರ್ಣ ದೇವದುರ್ಗದ ಪರದೆಯಲ್ಲಿ ಇದನ್ನು ಕೇಳಿದ್ದೇ ತಡ, ಅವಳ ಫೋನು ಬಂತು.

"ಸರ್, ಹೆಸರು ಎಲ್ಲಿ ಹೋತ್ರಿ?"

"ಅನ್ನಪೂರ್ಣಾ, ಖಾಸಗಿತನ ಅಂತ ಒಂದು ಇರತದವ್ವಾ. ಯಾರದೋ ಮನೆತನ, ಅವರ ಮೊಮ್ಮಕ್ಕಳು ಇರ್ತಾರ, ಅವರಿಗೆ ನೋವು ಆಗಬಾರದು. ವಿಷಯ ಮುಖ್ಯ, ವ್ಯಕ್ತಿ ಅಲ್ಲ."

"ಮೊಮ್ಮಕ್ಕಳು ಅದಾರ್ರಿ, ನನಗೂ ಗೊತ್ತದ" ಎಂದಳು ಅನ್ನಪೂರ್ಣ. "ಬಸ್ಸಮ್ಮಾಯಿಗೆ ನಾ ಮಾತು ಕೊಟ್ಟೀನ್ರಿ ಸರ್. ಹೆಸರು ಇದ್ರ ಮಾತ್ರ ಹೇಳ್ತೀನಿ, ಇಲ್ಲಂದ್ರ ಬ್ಯಾಡ ಅಂದಿದ್ಲು. ಉದ್ಘಾಟನೆಗಿ ಆಕೀನ ಕರಕೊಂಡು ಬರ್ತೀನಿ. ನೀವ ಹೇಳ್ರಿ ಆಕಿಗಿ" ಎಂದು ಫೋನು ಇಟ್ಟಳು. ಗೋಪಾಲಕೃಷ್ಣನಿಗೆ ಅಂದಿನಿಂದ ಕೂತಲ್ಲಿ ಕೂಡಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಗಬ್ಬೂರಿನ ಬಸ್ಸು ಕೆಟ್ಟು ನಿಲ್ಲಲಿ ಎಂದು ರಾಯರಿಗೆ ಮನಸ್ಸಿನಲ್ಲೇ ಒಂದು ಹರಕೆಯನ್ನೂ ಹೊತ್ತ. ಸಾಮಾಜಿಕ ನ್ಯಾಯದ ಪ್ರದರ್ಶನ ಸುಗಮವಾಗಿ ನಡೆಯಲಿ ಎನ್ನುವುದು ಹರಕೆಯ ಒಕ್ಕಣೆ.

ಉದ್ಘಾಟನೆಯ ದಿನ ಗ್ರಂಥಾಲಯ ಮದುವೆಮನೆಯಾಗಿತ್ತು. ಮಾವಿನ ತೋರಣ, ರಂಗೋಲಿ, ಮುಂದಿನ ಸಾಲಿಗೆ ಮೆತ್ತನೆಯ ಕುರ್ಚಿ. ಆ ಕುರ್ಚಿಗಳಲ್ಲಿ ಊರ ದೊಡ್ಡವರು: ದೇವದುರ್ಗದ ಕಡೆಯ ಒಬ್ಬ ಗೌಡರು, ಅರಳೆ ವ್ಯಾಪಾರದ ಒಬ್ಬ ಸಾಹುಕಾರರು, ಹಳೇ ಜಹಗೀರಿನ ಮನೆತನದ ಇನಾಯತ್ ಸಾಹೇಬರು, ಅವರ ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಟ ಕಾವೇರಿಬಾಯಿ. ಹಿಂದೆ ಪ್ಲಾಸ್ಟಿಕ್ ಕುರ್ಚಿ, ಅದರ ಹಿಂದೆ ಜಮಖಾನೆ. ಸಮಾನತೆಯ ಸಮಾರಂಭವಾದ್ದರಿಂದ ನೋಡುವ ಪರದೆ ಮಾತ್ರ ಎಲ್ಲರಿಗೂ ಒಂದೇ ಇತ್ತು. ಗಬ್ಬೂರಿನವರು ಇನ್ನೂ ಬಂದಿರಲಿಲ್ಲ. ಹರಕೆ ಕೈಗೂಡಿತು ಎಂದು ಗೋಪಾಲಕೃಷ್ಣ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ.

ಹಿರಿಯ ಸಾಹೇಬರು ಮೈಸೂರು ಕಡೆಯವರು. ದೀಪ ಹಚ್ಚಿ, ಪರದೆಯ ಮೇಲೆ ಮೊದಲ ಭಾವಚಿತ್ರ ಒತ್ತಿದರು. ಗೋಪಾಲಕೃಷ್ಣನ ದನಿಯಲ್ಲಿ ಶ್ಯಾಮಾಚಾರ್ರ ಔದಾರ್ಯ ಹರಿದು ಬಂತು. ಚಪ್ಪಾಳೆಯೋ ಚಪ್ಪಾಳೆ. "ಇಂಥ ಮನೆಯಿಂದ ಬಂದವರು ಇಂಥ ಕೆಲಸ ಮಾಡದೆ ಇನ್ನೇನು ಮಾಡ್ತಾರೆ!" ಎಂದರು ಸಾಹೇಬರು. ಆಮೇಲೆ ಬಸ್ಸಮ್ಮನ ಭಾವಚಿತ್ರ ಒತ್ತಿದರು. ಹಗ್ಗ ಬಂತು, ಮೋರಿ ಬಂತು, ಬಾಯಾರಿ ನಿಂತ ತಾಯಿ ಬಂದಳು, ಕೊನೆಗೆ ಝಂಯ್ ಎಂದಿತು. ಯಾರೋ ಮೂಗು ಸೀನಿದರು. ಒಂದರ ಹಿಂದೆ ಒಂದು ಎರಡೂ ಕಥೆ ಕೇಳಿದರಲ್ಲ, ಎರಡೂ ಒಂದೇ ಬಾವಿ ಎಂದು ಒಬ್ಬರಿಗಾದರೂ ಹೊಳೆಯಬೇಡವೇ? ಊಹೂಂ. ಒಂದರಲ್ಲಿ ದಾನ ಇತ್ತು, ಇನ್ನೊಂದರಲ್ಲಿ ಪಾಪ ಇತ್ತು, ಎರಡನ್ನೂ ಒಂದೇ ಹಿತ್ತಲಲ್ಲಿ ಹುಡುಕುವ ಅಭ್ಯಾಸ ನಮ್ಮಲ್ಲಿ ಎಲ್ಲಿದೆ.

ಚಹಾ ಬಂತು. ಗೋಪಾಲಕೃಷ್ಣ ಕಪ್ಪು ಹಿಡಿದು ಮೂಲೆಗೆ ನಿಂತಾಗ ಗೌಡರು ಬಂದು ಅವನ ಮೊಣಕೈ ಹಿಡಿದು ಕಂಬದ ಮರೆಗೆ ಕರೆದೊಯ್ದರು.

"ಆಚಾರ್ರ, ಭಾಳ ಉಪಕಾರ ಆತ್ರಿ. ಹೆಸರು ಮುಚ್ಚಿ ನಮ್ಮ ಮಾನ ಉಳಿಸಿದ್ರಿ."

"ಯಾವ ಹೆಸರ್ರಿ ಗೌಡ್ರ?"

"ನಮ್ಮದರೀ! ಆ ಮುದುಕಿ ಹೇಳಿದ್ದು ನಮ್ಮಪ್ಪನ ಸುದ್ದಿ ಅಲ್ಲೇನು? ಹಗ್ಗ ಕೊಳ್ಳಾಗ ಹಾಕಿದ್ದು ನಾನು ಸಣ್ಣಾವ ಇದ್ದಾಗ ನೋಡೀನ್ರಿ. ಆ ಹುಡುಗಿ ಇನ್ನೂ ಅದಾಳ ಅಂತ ಗೊತ್ತಿದ್ದಿಲ್ಲ."

ಗೋಪಾಲಕೃಷ್ಣನ ಬಾಯಿ ತೆರೆದೇ ಉಳಿಯಿತು. ಗೌಡರು ಅದನ್ನು ವಿನಯವೆಂದು ತಿಳಿದು ಬೆನ್ನು ತಟ್ಟಿ ಹೋದರು. ಅವರ ಬೆನ್ನ ಹಿಂದೆಯೇ ಸಾಹುಕಾರರು. "ನಮ್ಮ ಆ ಬಾವಿ ಈಗ ಮುಚ್ಚಿಸೀವ್ರಿ, ಅದರ ಮ್ಯಾಲ ಗೋದಾಮು ಕಟ್ಟೀವಿ. ನೀವು ಹೆಸರು ಮುಚ್ಚಲಿಲ್ಲಂದ್ರ ನಮ್ಮ ಗತಿ ಏನಾಗ್ತಿತ್ರಿ?" ಎಂದು ಕೈ ಹಿಡಿದುಕೊಂಡರು. ಇನಾಯತ್ ಸಾಹೇಬರು ಎದೆಗೆ ಕೈ ಇಟ್ಟು, "ನಮ್ಮ ದಾದಾನ, ಅಜ್ಜನ, ಜಮಾನಾದಾಗ ಆಗಿದ್ದು. ನೀವು ಶರೀಫ್ ಮನುಷ್ಯಾ, ಪರದಾ ಹಾಕಿದ್ರಿ. ಅಲ್ಲಾ ನಿಮಗ ಚಲೋ ಮಾಡಲಿ" ಎಂದರು. ಕಡೆಗೆ ಉದ್ಘಾಟನೆಗೆ ಹೂಮಾಲೆ ತಂದ ಒಬ್ಬ ನಿವೃತ್ತ ವಕೀಲರೂ ಬಂದು, ಅವನ ಕೈ ಒತ್ತಿ ಹಿಡಿದು, ಕಣ್ಣು ಒರೆಸಿಕೊಂಡು ಹೋದರು. ಆದೇಶದಲ್ಲಿ ವೈವಿಧ್ಯ ಇರಬೇಕು ಎಂದಿತ್ತಲ್ಲ, ಇಲ್ಲಿ ಯಾವ ಜಾತಿಗೂ ಯಾವ ಮತಕ್ಕೂ ಕೊರತೆ ಆಗಿರಲಿಲ್ಲ.

ಎಷ್ಟು ಬಾವಿಗಳು ಬರಿದಾಗಿದ್ದವೋ, ಎಷ್ಟು ತಾಯಂದಿರ ಕೊರಳಿಗೆ ಹಗ್ಗ ಬಿದ್ದಿತ್ತೋ! ಇದನ್ನು ಕೇಳಿ ಮನುಷ್ಯನಾದವನು ನಾಚಿ ತಲೆ ತಗ್ಗಿಸಬೇಕು. ಗೋಪಾಲಕೃಷ್ಣನೂ ತಗ್ಗಿಸಿದ, ಇಲ್ಲವೆನ್ನಲಾರೆವು. ಆದರೆ ಅದಕ್ಕಿಂತ ಮೊದಲು ಒಂದು ತಣ್ಣನೆಯ ಸಮಾಧಾನ ಬಂದು ಎದೆಯಲ್ಲಿ ಕೂತುಬಿಟ್ಟಿತು. ತಾನೊಬ್ಬನೇ ಅಲ್ಲ. ಇನ್ನು ಆ ಹೆಸರು ತಂಬೂರಿಯ ಕೆಳಗೆ ಸುಖವಾಗಿ ಇರಬಹುದು. ಅಷ್ಟೊತ್ತಿಗೆ ಬಾಗಿಲಲ್ಲಿ ಗದ್ದಲವಾಯಿತು.

ಗಬ್ಬೂರಿನ ಬಸ್ಸು ಬಂದಿತ್ತು. ಅನ್ನಪೂರ್ಣ ಮುಂದೆ, ಅವಳ ಹಿಂದೆ ಬಸ್ಸಮ್ಮ, ಬಸ್ಸಮ್ಮನ ಹಿಂದೆ ಕೂಲಿಗೆ ರಜೆ ಹಾಕಿ ಬಂದ ಹೆಣ್ಣುಮಕ್ಕಳ ಹಿಂಡು. ಬಸ್ಸಮ್ಮ ಸಣಕಲು ಮುದುಕಿ, ಹೊಸದಾಗಿ ಒಗೆದ ಇಲಕಲ್ ಸೀರೆ, ಹಣೆ ತುಂಬ ವಿಭೂತಿ. ಸಾಹೇಬರು ಸಂಭ್ರಮದಿಂದ ಎದ್ದು ಕೈಮುಗಿದು, ಆಕೆಯ ದನಿಯನ್ನು ಆಕೆಗೇ ಕೇಳಿಸಬೇಕೆಂದು ಮತ್ತೊಮ್ಮೆ ಭಾವಚಿತ್ರ ಒತ್ತಿದರು. ಮುದುಕಿ ತಲೆ ಓರೆ ಮಾಡಿ ಕೇಳಿದಳು. ನಗುವ ಕಡೆ ನಕ್ಕಳು. ತಂಬೂರಿ ಝಂಯ್ ಎಂದಾಗ ಹುಬ್ಬು ಗಂಟಿಕ್ಕಿದಳು.

"ಇದೇನಬೇ ಅನ್ನಪೂರ್ಣಾ? ನಾ ಪದ ಹಾಡಿಲ್ಲಲ್ಲ."

ಅನ್ನಪೂರ್ಣ ಗೋಪಾಲಕೃಷ್ಣನ ಕಡೆ ನೋಡಿದಳು. ಗೋಪಾಲಕೃಷ್ಣ ಚಾವಣಿಯ ಫ್ಯಾನಿನ ಕಡೆ ನೋಡಿದ. ಹಿಂದಿನ ಹೆಣ್ಣುಮಕ್ಕಳಲ್ಲಿ ಗುಸುಗುಸು ಎದ್ದಿತು. "ಹೆಸರು ಎಲ್ಲದ? ಹೆಸರು ಹೇಳಂಗಿಲ್ಲೇನು?" ಒಬ್ಬಾಕೆ ಒದರಿದಳು: "ಹೆಸರು ಹೇಳಬೇ ಬಸ್ಸವ್ವಾ!" ಅಷ್ಟೇ ಸಾಕಾಯಿತು. ಎಲ್ಲರೂ ಸುತ್ತುಗಟ್ಟಿ ನಿಂತು, ಕೈ ತಟ್ಟುತ್ತಾ, "ಹೆಸರು ಹೇಳು, ಹೆಸರು ಹೇಳು" ಎಂದು ಶುರು ಹಚ್ಚಿದರು.

ಈ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಸಾಹೇಬರಿಗೆ ಹೇಳಬೇಕಾಯಿತು. ಇಲ್ಲಿ ಹೆಂಗಸರು ಗಂಡನ ಹೆಸರನ್ನು ಸುಮ್ಮನೆ ಬಾಯಿಗೆ ತರುವುದಿಲ್ಲ. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬುಸದಲ್ಲಿ ಎಲ್ಲರೂ ಸುತ್ತುವರಿದು ಹೀಗೆ ಕಾಡಬೇಕು. ಅವಳು ಮೊದಲು ಪ್ರಾಸ ಕಟ್ಟಿದ ಸಾಲು ಹೇಳಿ, ಎಲ್ಲರನ್ನೂ ಕಾಯಿಸಿ, ಕೊನೆಗೆ ಹೆಸರಿಗೆ ಬರಬೇಕು. ಅದಕ್ಕೆ ಒಡಪು ಎನ್ನುತ್ತಾರೆ. ಒಡಪು ಶುರುವಾದ ಮೇಲೆ ಅತ್ತೆಯಾಗಲಿ ಮಾವನಾಗಲಿ ನಡುವೆ ಬಾಯಿ ಹಾಕುವಂತಿಲ್ಲ. ಹೆಸರು ಒಡಪು ಹೇಳುವವಳ ಸ್ವತ್ತು, ಬೇರೆಯವರು ಅದನ್ನು ಹೇಳಿಬಿಟ್ಟರೆ ಒಡಪು ಕೆಟ್ಟಂತೆ. ಅನ್ನಪೂರ್ಣ ಇಷ್ಟು ಹೇಳುವುದರೊಳಗೆ ಸಾಹೇಬರು, "ಓಹೋ ಜಾನಪದ! ಹೇಳಲಿ, ಹೇಳಲಿ, ಮೈಕ್ ಕೊಡಿ" ಎಂದು ಹಿಗ್ಗಿಬಿಟ್ಟರು.

ಮುಂದಿನ ಸಾಲಿನಲ್ಲಿ ಮಾತ್ರ ಯಾರ ಮುಖದಲ್ಲೂ ರಕ್ತ ಇರಲಿಲ್ಲ. ಗೌಡರು ರುಮಾಲು ಬಿಚ್ಚಿ ಮತ್ತೆ ಸುತ್ತಿದರು. ಸಾಹುಕಾರರು ಹೊರಗೆ ಹೋಗುವ ಬಾಗಿಲು ಎಲ್ಲಿದೆ ಎಂದು ನೋಡಿದರು, ಬಾಗಿಲಲ್ಲಿ ಗಬ್ಬೂರಿನವರು ತುಂಬಿದ್ದರು. ಬಸ್ಸಮ್ಮ ಮೈಕು ಹಿಡಿದಳು. ಸೆರಗು ತಲೆ ಮೇಲೆ ಎಳೆದುಕೊಂಡಳು. ಈ ಗಳಿಗೆ ಬಂದೇ ಬರುತ್ತದೆ ಎಂದು ಜೀವಮಾನವೆಲ್ಲ ಮನಸ್ಸಿನಲ್ಲೇ ಕಟ್ಟಿಟ್ಟುಕೊಂಡಿದ್ದ ಸಾಲುಗಳಿರಬೇಕು, ತಡವರಿಸದೆ ಹೊರಟವು.

"ಹಗ್ಗ ಮುಟ್ಟಿದಾಕಿ ನಾನು, ಕೊಳ್ಳಾಗ ಹೊತ್ತಾಕಿ ನಮ್ಮವ್ವಾ,
ಸಗ್ಗದ ನೀರು ಮೋರಿಗಿ ಹರದ್ರೂ ಹನಿ ಕಾಣಲಿಲ್ಲ ಹಡದವ್ವಾ,
ಆಕಿ ನುಂಗಿದ ಹೆಸರ ನಾ ಉಗುಳ್ತೀನಿ ಕೇಳ್ರಿ ಎಲ್ಲರೂ..."

ಮುದುಕಿ ನಿಂತಳು. ಕಾಯಿಸಬೇಕಲ್ಲ, ಕಾಯಿಸಿದಳು. ಸಭೆಗೆ ಸಭೆಯೇ ಉಸಿರು ಹಿಡಿದು ಮುಂದಕ್ಕೆ ಬಾಗಿತು. ಆಕೆ ಉಸಿರೆಳೆದುಕೊಂಡು ಬಾಯಿ ತೆರೆದಳು.

ಗೋಪಾಲಕೃಷ್ಣನ ತಲೆಯಲ್ಲಿ ಆ ಗಳಿಗೆಗೆ ಏನೋ ಒಂದು ಮಿಂಚಿತು. ಆಕೆಯ ಬಾಯಿಂದ ಬಂದರೆ ಅದು ಆರೋಪ, ತನ್ನ ಬಾಯಿಂದ ಬಂದರೆ ಅದು ಪಶ್ಚಾತ್ತಾಪ. ಇದನ್ನು ಅವನು ಹೀಗೆ ಬಿಡಿಸಿ ಯೋಚಿಸಲಿಲ್ಲ, ಪಾಪ, ಅಷ್ಟು ಹೊತ್ತೆಲ್ಲಿ ಇತ್ತು? ಕಾಲು ತಾವೇ ಓಡಿದವು. ಇನ್ನೊಂದು ಮೈಕು ಕಿತ್ತುಕೊಂಡು, ಒದರಿದಂತೆ ಹೇಳಿದ:

"ನಮ್ಮದು! ಅದು ನಮ್ಮ ಮನೆ! ಮಾನ್ವಿ ಸಿಹಿಬಾವಿ ಶ್ಯಾಮಾಚಾರ್ರ ಮನೆ! ಹೆಸರು ಮುಚ್ಚಿದವನು ನಾನು. ನನ್ನನ್ನು ಕ್ಷಮಿಸಿರಿ!"

ಹೇಳಿ ಮುಗಿಸಿದ ಮೇಲೆ ಅವನಿಗೆ ನಿಜವಾಗಿಯೂ ಅಳು ಬಂತು. ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಇನ್ನು ಯಾರು ಉಗಿದರೂ ಉಗಿಯಲಿ, ಕಲ್ಲು ಒಗೆದರೂ ಒಗೆಯಲಿ ಎಂದು ಕಣ್ಣು ಮುಚ್ಚಿ ನಿಂತ.

ಯಾರೂ ಉಗಿಯಲಿಲ್ಲ. ಮೊದಲು ಗೌಡರ ಚಪ್ಪಾಳೆ ಕೇಳಿತು. ಆಮೇಲೆ ಸಾಹುಕಾರರದು, ಇನಾಯತ್ ಸಾಹೇಬರದು, ವಕೀಲರದು, ಆಮೇಲೆ ಎಲ್ಲರದು. ಕಾವೇರಿಬಾಯಿಗೆ ಗದ್ದಲದಲ್ಲಿ ಮಾವನವರ ಹೆಸರೊಂದೇ ಕೇಳಿಸಿತ್ತು, ಆಕೆಯೂ ಹೆಮ್ಮೆಯಿಂದ ಕೈ ತಟ್ಟಿದಳು. ಗೌಡರು ಓಡಿ ಬಂದು ಅವನನ್ನು ತಬ್ಬಿಕೊಂಡು ಕಿವಿಯಲ್ಲಿ, "ಎಂಥಾ ಮನುಷ್ಯಾರೀ ನೀವು! ನಮ್ಮ ಪಾಪ ನಿಮ್ಮ ತಲಿ ಮ್ಯಾಲ ಹಾಕ್ಕೊಂಡ್ರಲ್ರಿ!" ಎಂದರು.

"ಇಲ್ಲ ಗೌಡ್ರ, ಖರೇನ ಅದು ನಮ್ಮ..."

"ಗೊತ್ತದ್ರಿ, ಗೊತ್ತದ. ಊರಿಗೆಲ್ಲಾ ನೀರು ಕೊಟ್ಟ ಮನಿ ಅಂತ ಈಗ ಕೇಳಿವಲ್ಲ. ಸುಮ್ಮಿರ್ರಿ, ನಿಮ್ಮ ಉಪಕಾರ ಜನ್ಮ ಇರೋತನಕ ಮರೆಯಂಗಿಲ್ಲ."

ಸಾಹುಕಾರರು ಸಾಹೇಬರಿಗಾಗಿ ತಂದಿದ್ದ ಶಾಲನ್ನು ಗೋಪಾಲಕೃಷ್ಣನಿಗೆ ಹೊದಿಸಿಬಿಟ್ಟರು. ಸಾಹೇಬರಂತೂ ಕಣ್ಣೊರೆಸಿಕೊಳ್ಳುತ್ತಾ ವಲಿ ಪಾಷಾನನ್ನು ಕರೆದರು. "ಆ ತಂಬೂರಿ ತೆಗೀರಿ. ಅದರ ಜಾಗದಲ್ಲಿ ಇವರ ಈ ಮಾತು ಹಾಕಿ. ಮುದುಕಿ 'ಅದು' ಅಂತಾಳೆ, ಇವರ ದನಿ ಬರುತ್ತೆ. ಇಡೀ ರಾಜ್ಯದಲ್ಲಿ ಇಂಥದ್ದು ಆಗಿಲ್ಲ."

ವಲಿ ಪಾಷಾ ತಲೆ ಕೆರೆದುಕೊಂಡ. "ತಂಬೂರಿ ತಗದ್ರ ಸಾಕಲ್ರಿ ಸಾಹೇಬ್ರ? ಕೆಳಗ ಆಕಿ ಹೇಳಿದ ಹೆಸರು ಹಂಗ ಅದ. ಆಕಿ ದನಿಯಾಗ."

"ಅದು ಬೇಡಪ್ಪ, ಇದರಲ್ಲಿ ಭಾವನೆ ಇದೆ. ಏನಂತೀರಿ ಗೋಪಾಲಕೃಷ್ಣ?"

ಎಲ್ಲರೂ ಅವನ ಕಡೆ ತಿರುಗಿದರು. ಬೇಡ ಎಂದರೆ ಸಾಕಾಗಿತ್ತು. ಆಕೆಯದೇ ಇರಲಿ ಎಂದು ಅನ್ನಲು ಎಷ್ಟು ಹೊತ್ತು? ಗೋಪಾಲಕೃಷ್ಣ ಬಾಯಿ ತೆರೆದದ್ದೂ ಹೌದು. ಆದರೆ ಶಾಲು ಭುಜದ ಮೇಲೆ ಬೆಚ್ಚಗಿತ್ತು, ಒದರಿದ ಮಾತು ತನಗೇ ಚೆನ್ನಾಗಿ ಕೇಳಿಸಿತ್ತು, ಸಾಹೇಬರ ಮಾತು ಮೀರುವುದು ಸಭ್ಯತೆ ಅಲ್ಲ ಎಂದೂ ಅನಿಸಿತು.

"ತಾವು ಹೆಂಗ ಅಂತೀರೋ ಹಂಗ್ರಿ ಸರ್" ಎಂದು ಕೈ ಮುಗಿದ.

ಆಗ ಬಸ್ಸಮ್ಮನ ನೆನಪಾಗಿ ತಿರುಗಿ ನೋಡಿದ. ಆಕೆ ಇದ್ದಲ್ಲೇ ಇದ್ದಳು. ಹೇಳಲೆಂದು ಎಳೆದುಕೊಂಡ ಉಸಿರನ್ನು ಯಾವಾಗ ಬಿಟ್ಟಳೋ ಯಾರೂ ನೋಡಿರಲಿಲ್ಲ. ಸುತ್ತಲಿನ ಹೆಣ್ಣುಮಕ್ಕಳ ಕೈ ಚಪ್ಪಾಳೆ ತಟ್ಟುವುದನ್ನು ಮೊದಲೇ ನಿಲ್ಲಿಸಿದ್ದವು. ಗೋಪಾಲಕೃಷ್ಣ ಹತ್ತಿರ ಹೋಗಿ, ಶಾಲು ಸರಿಮಾಡಿಕೊಂಡು, "ಯವ್ವಾ, ಈಗ ನೀನೂ ಒಮ್ಮೆ ಹೇಳವ್ವಾ. ಎಲ್ಲಾರೂ ಕೇಳ್ತಾರ" ಎಂದ.

ಬಸ್ಸಮ್ಮ ಮೈಕನ್ನು ಅವನ ಕೈಗೇ ಕೊಟ್ಟಳು.

"ಇನ್ನೇನು ಹೇಳೋದ್ರಿ ಯಪ್ಪಾ? ಆವತ್ತ ನಮ್ಮವ್ವ ಬಿಸಿಲಾಗ ನಿಂತಳು, ನೀರು ಕೊಟ್ಟ ಹೆಸರು ನಿಮ್ಮಜ್ಜಗ ಬಂತು. ಇವತ್ತ ನಾ ನಿಂತೆ, ಹೆಸರು ಹೇಳಿದ ಹೆಸರು ನಿಮಗ ಬಂತು. ಇದೊಂದಾದ್ರೂ ನಮಗ ಬಿಡಬಾರದಾಗಿತ್ತೇನು?"

ಫೋಟೋ ತೆಗೆಯುವವನು ಸಾಲು ಸರಿಮಾಡುತ್ತಾ, "ಅಮ್ಮಾ, ಒಂಚೂರು ಆಕಡಿ ಸರೀರಿ, ಸಮಾನತಾ ಬೋರ್ಡಿಗಿ ಅಡ್ಡ ಬರಾಕತ್ತೀರಿ" ಎಂದ. ಬಸ್ಸಮ್ಮ ಸರಿದಳು. ಅನ್ನಪೂರ್ಣ ಆಕೆಯ ಕೈ ಹಿಡಿದುಕೊಂಡಳು, ಗಬ್ಬೂರಿನ ಹೆಣ್ಣುಮಕ್ಕಳು ಒಬ್ಬೊಬ್ಬರೇ ಬಾಗಿಲಿನಿಂದ ಹೊರಗೆ ನಡೆದರು. ಒಳಗೆ ಎಲ್ಲರೂ ಶಾಲು ಹೊದ್ದವನ ಸುತ್ತ ನಿಂತು ಫೋಟೋಕ್ಕೆ ನಕ್ಕರು.